ಸ್ಕ್ಯಾನ್ ನಾರ್ಮಲ್ ಇದೆ ಎಂದ ಮಾತ್ರಕ್ಕೆ

ಬೀದರ ಜಿಲ್ಲೆಯ ಠಾಣಾ ಕುಶನೂರ ಸುತ್ತಿನ ಊರುಗಳಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರು ಹಬ್ಬಕ್ಕೋ ರಾಶಿಗೋ ಮರಳುತ್ತಾರೆ. ಅವರಲ್ಲಿ ಎಚ್‌ಐವಿ ಇರುವ ಒಬ್ಬರು ಅಲ್ಲೇ ಎಆರ್‌ಟಿ ಗುಳಿಗೆ ಬಿಟ್ಟು ಬಂದಿದ್ದಾರೆ ಎನ್ನಿ. ತಲೆನೋವು, ಸಂಜೆಗೆ ಮೈ ಬಿಸಿ, ಊಟ ಸೇರದು. ಅಂಗಡಿಯ ಗುಳಿಗೆಯಲ್ಲಿ ಒಂದು ವಾರ, ಸೂಜಿ-ಸಲೈನಿನಲ್ಲಿ ಇನ್ನೊಂದು ವಾರ ಕಳೆಯುತ್ತದೆ. ಮನೆಯವರ ಗುರುತು ಹತ್ತದಂತಾಗಿ, ಫಿಟ್ಸ್ ಬಂದ ಮೇಲೆಯೇ ಬೀದರಿಗೆ ಗಾಡಿ ಹೊರಡುವುದು. ಇದು ಮೆದುಳು ಪೊರೆಯ ಟೀಬಿ ಇರಬಹುದು. ಈ ಕಾಯಿಲೆಯಲ್ಲಿ, ಎಚ್ಚರ ತಪ್ಪುವ ಮುನ್ನ ಚಿಕಿತ್ಸೆ ಸಿಕ್ಕವರಿಗೂ ತಪ್ಪಿದ ಮೇಲೆ ಸಿಕ್ಕವರಿಗೂ ಬದುಕುವ ಅವಕಾಶದಲ್ಲಿ ಭಾರೀ ಅಂತರವಿದೆ.

ಎಚ್‌ಐವಿ ಇಲ್ಲದವರ ದೇಹ ಟೀಬಿ ರೋಗಾಣುವಿನ ಮೇಲೆ ಜೋರಾಗಿ ಮುಗಿಬೀಳುತ್ತದೆ. ಮೆದುಳಿನ ತಳದಲ್ಲಿ ಗಟ್ಟಿ ರಸ ಕಟ್ಟಿಕೊಂಡು ನೀರಿನ ಹರಿವು ತಡೆಯುತ್ತದೆ, ಕತ್ತು ಸೆಟೆಯುತ್ತದೆ, ಸಿ.ಟಿ.ಯಲ್ಲಿ ಕಾಣುತ್ತದೆ. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ರೋಗಾಣು ಹೆಚ್ಚು, ಪ್ರತಿಭಟನೆ ಕಡಿಮೆ. ಕತ್ತು ಸಲೀಸಾಗಿ ಬಾಗಬಹುದು, ಸ್ಕ್ಯಾನ್ ನಾರ್ಮಲ್ ಬರಬಹುದು. ಆ ನಾರ್ಮಲ್ ನಂಬಿ ಮನೆಗೆ ಕಳಿಸುವುದೇ ನನ್ನ ಭಯ.

ಔಷಧದ ಲೆಕ್ಕವೂ ಎಚ್‌ಐವಿ ಇರುವವರಿಗೂ ಇಲ್ಲದವರಿಗೂ ಒಂದೇ ಅಲ್ಲ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಾವನ್ನು ಶೇ. 41.3ರಿಂದ 31.8ಕ್ಕೆ ಇಳಿಸಿತು. ಎಚ್‌ಐವಿ ಇರುವ 520 ವಯಸ್ಕರಲ್ಲಿ ಅದನ್ನೇ ವಿಯೆಟ್ನಾಂ, ಇಂಡೊನೇಷ್ಯಾಗಳಲ್ಲಿ ಪರೀಕ್ಷಿಸಿದ 2023ರ ವರದಿಯಲ್ಲಿ ಅದನ್ನು ಪಡೆದ ಗುಂಪಿನಲ್ಲಿ ವರ್ಷದೊಳಗೆ ಸತ್ತವರು ಶೇ. 44.1; ಪಡೆಯದ ಗುಂಪಿನಲ್ಲಿ 49. ಖಚಿತ ಲಾಭವೆನ್ನಲು ಆ ವ್ಯತ್ಯಾಸ ಸಾಲದು. ಟೀಬಿ ಔಷಧದ ಜೊತೆಗೇ ಅವಸರದಲ್ಲಿ ಎಆರ್‌ಟಿ ಶುರುಮಾಡಿದರೂ ಅಪಾಯ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕಾಯುತ್ತಾರೆ. ಬಿಟ್ಟ ಗುಳಿಗೆಯನ್ನು ತಾವಾಗಿಯೇ ಮತ್ತೆ ನುಂಗುವವರು ಇದನ್ನು ತಿಳಿದಿರಬೇಕು.

ಪತ್ತೆಗೆ ಬೆನ್ನಿನ ನೀರೇ ಬೇಕು. 'ನೀರು ತೆಗೆದರೆ ಸೊಂಟ ಬೀಳುತ್ತದೆ' ಎಂದು ಸಹಿಗೆ ಹಿಂಜರಿಯುವ ಮನೆಗಳಿವೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗಕ್ಕೆ. ಕೊಳವೆಯಲ್ಲಿ ಆ ನೀರು ಹೆಚ್ಚಾಗಿ ತಿಳಿಯಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತು ಇಟ್ಟರೆ ಕೆಲವೊಮ್ಮೆ ಜೇಡರ ಬಲೆಯಂಥ ಪರೆ ಕಟ್ಟುತ್ತದೆ. ಟೀಬಿ ಪತ್ತೆಯ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಆರು ಮಿ.ಲೀ.ಯಷ್ಟಾದರೂ ಸಿಕ್ಕರೆ ಒಳ್ಳೆಯದು. ಅದು ನೆಗೆಟಿವ್ ಬಂದರೂ ಅನುಮಾನ ಬಲವಾಗಿದ್ದರೆ ಟೀಬಿ ಔಷಧ ನಿಲ್ಲಿಸುವಂತಿಲ್ಲ.

ಎಆರ್‌ಟಿ ಕೇಂದ್ರಗಳಲ್ಲಿ ಪ್ರತಿ ಭೇಟಿಗೂ ವಯಸ್ಕರಿಗೆ ನಾಲ್ಕು ಪ್ರಶ್ನೆ ಕೇಳುವ ಪದ್ಧತಿ ಇದೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ತಲೆನೋವು ಆ ಪಟ್ಟಿಯಲ್ಲಿಲ್ಲ. ಔರಾದ, ಭಾಲ್ಕಿ ಕಡೆಯ ಆಶಾ ಕಾರ್ಯಕರ್ತೆಯರು ಅದನ್ನು ಐದನೆಯದಾಗಿ ಸೇರಿಸಿ ಕೇಳಲು ಯಾರ ಆದೇಶವೂ ಬೇಕಿಲ್ಲ.