ಮುಚ್ಚುವುದಿಲ್ಲ ಎಂದವರೇ ಮುಚ್ಚಿದ ಕಾರ್ಖಾನೆ

ಚಾಕೊಲೇಟ್ ಕಾರ್ಖಾನೆಯನ್ನು ಬೀಗ ಜಡಿದು ಮುಚ್ಚಲಾಗದು. ಕರಗಿದ ಚಾಕೊಲೇಟ್ ಹರಿಯುವ ಕೊಳವೆಗಳನ್ನು ಸುತ್ತ ಬಿಸಿನೀರು ಹರಿಸಿ ಬೆಚ್ಚಗಿಟ್ಟಿರುತ್ತಾರೆ. ಬಿಸಿ ಆರಿದರೆ ಒಳಗಿದ್ದದ್ದೆಲ್ಲ ಕಲ್ಲು. ನೀರು ಹಾಯಿಸಿ ತೊಳೆಯೋಣವೆಂದರೆ, ಸ್ವಲ್ಪ ನೀರು ಸೋಕಿದರೂ ಅದು ಮುದ್ದೆಗಟ್ಟುತ್ತದೆ. ಬೆಚ್ಚಗಿರುವಾಗಲೇ ಬರಿದು ಮಾಡಿ, ಆಮೇಲೆ ಯಂತ್ರ ಬಿಚ್ಚಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಕೇನ್‌ಶಮ್‌ನಲ್ಲಿದ್ದ ಸಮರ್‌ಡೇಲ್ ಕಾರ್ಖಾನೆಗೆ 2011ರಲ್ಲಿ ಆ ಗತಿ ಬಂತು.

ಅದನ್ನು ಕಟ್ಟಿದ್ದು ಫ್ರೈ ಕಂಪನಿ. 1847ರಲ್ಲೇ ಅಚ್ಚಿಗೆ ಹುಯ್ದ ತಿನ್ನುವ ಚಾಕೊಲೇಟ್ ಪಟ್ಟಿ ಮಾಡಿದ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮನೆತನದವರದು. 1919ರಲ್ಲಿ ಕ್ಯಾಡ್‌ಬರಿ ಜೊತೆ ಸೇರಿದ ಮೇಲೆ, ಬ್ರಿಸ್ಟಲ್‌ನ ಇಕ್ಕಟ್ಟು ಬಿಟ್ಟು ಏವನ್ ನದಿಯ ದಂಡೆಗೆ ಬಂದರು. ಪಾಯ ತೋಡುವಾಗ ರೋಮನ್ ಕಾಲದ ಮನೆಯ ಅವಶೇಷ ಸಿಕ್ಕಿತ್ತು. ಕಾರ್ಖಾನೆಯ ಜೊತೆಗೇ ಆಟದ ಬಯಲು, ಕಾರ್ಮಿಕರ ಕ್ಲಬ್ಬೂ ಬಂದವು. ಕ್ರಂಚಿ, ಕರ್ಲಿ ವರ್ಲಿ, ಡಬಲ್ ಡೆಕ್ಕರ್ ಎಂಬ ಚಾಕೊಲೇಟ್‌ಗಳು ಇಲ್ಲಿ ತಯಾರಾಗುತ್ತಿದ್ದವು.

ಮುಚ್ಚುವ ತೀರ್ಮಾನವನ್ನು ಮೊದಲು ಮಾಡಿದ್ದು ಕ್ಯಾಡ್‌ಬರಿಯೇ, 2007ರಲ್ಲಿ. ಪೋಲೆಂಡಿನ ಸ್ಕಾರ್ಬಿಮಿಯೆಶ್‌ನಲ್ಲಿ ಹೊಸ ಕಾರ್ಖಾನೆ ಏಳತೊಡಗಿತ್ತು. ಆದರೆ 2009ರಲ್ಲಿ ಕ್ಯಾಡ್‌ಬರಿಯನ್ನೇ ಕೊಳ್ಳಲು ಬಂದ ಅಮೆರಿಕದ ಕ್ರಾಫ್ಟ್, ಸಮರ್‌ಡೇಲನ್ನು ಉಳಿಸಿಕೊಳ್ಳಬಲ್ಲೆವೆಂದು ಭರವಸೆ ಕೊಟ್ಟಿತು. 2010ರ ಫೆಬ್ರುವರಿಯಲ್ಲಿ ಕಂಪನಿ ಕೈಗೆ ಬಂದ ಕೆಲವೇ ದಿನಗಳಲ್ಲಿ ಮಾತು ತಿರುಗಿತು: ಪೋಲೆಂಡಿನ ಕೆಲಸ ಬಹಳ ಮುಂದೆ ಹೋಗಿದೆ, ಇನ್ನು ಸಾಧ್ಯವಿಲ್ಲ. ಸುಮಾರು 400 ಜನರ ಕೆಲಸ ಹೋಯಿತು. ಹೊಸ ಕಾರ್ಖಾನೆ ಮೇಲೇಳುತ್ತಿದ್ದುದು ಗುಟ್ಟೇನೂ ಆಗಿರಲಿಲ್ಲ. ಕೊಳ್ಳುವ ಮುನ್ನ ವಿಚಾರಿಸದೆ ಮಾತು ಕೊಟ್ಟದ್ದು ಅವಸರವೋ ಜಾಣತನವೋ, ಓದುಗರೇ ತೀರ್ಮಾನಿಸಲಿ. ಸಂಸದೀಯ ಸಮಿತಿ ವಿವರಣೆ ಕೇಳಿದಾಗ ಮುಖ್ಯಸ್ಥೆ ಐರೀನ್ ರೋಸೆನ್‌ಫೆಲ್ಡ್ ಹೋಗಲಿಲ್ಲ, ಇನ್ನೊಬ್ಬ ಅಧಿಕಾರಿಯನ್ನು ಕಳಿಸಿದರು.

ಕಾರ್ಖಾನೆಯ ಕೆಂಪಿಟ್ಟಿಗೆಯ ಕಟ್ಟಡಗಳಲ್ಲಿ ಈಗ ನಿವೃತ್ತರ ವಸತಿ ಇದೆ. ಹೆಸರು ಚಾಕೊಲೇಟ್ ಕ್ವಾರ್ಟರ್.

ಕಾರ್ಮಿಕರಿಗೆ ದಕ್ಕದ ನ್ಯಾಯದ ಒಂದು ಪಾಲು ಮುಂದಿನವರಿಗೆ ದಕ್ಕಿತು. ಕಂಪನಿ ಸ್ವಾಧೀನಗಳ ಮೇಲೆ ಕಣ್ಣಿಡುವ ಬ್ರಿಟನ್ನಿನ ಟೇಕೋವರ್ ಪ್ಯಾನೆಲ್ 2010ರಲ್ಲಿ ಕ್ರಾಫ್ಟನ್ನು ಬಹಿರಂಗವಾಗಿ ಟೀಕಿಸಿತು. ಮರುವರ್ಷ ನಿಯಮವನ್ನೇ ಬಿಗಿಮಾಡಿತು. ಕೊಳ್ಳುವವರು ತಮ್ಮ ಉದ್ದೇಶವೆಂದು ಹೇಳಿದ್ದಕ್ಕೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಬದ್ಧರಾಗಿರಬೇಕು. ಆಮೇಲೆ ಇನ್ನೂ ಗಟ್ಟಿಯಾದ, ಕಾನೂನಿಗೆ ಒಳಪಟ್ಟ ಮುಚ್ಚಳಿಕೆಯ ದಾರಿಯೂ ತೆರೆಯಿತು. 2016ರಲ್ಲಿ ಕೇಂಬ್ರಿಜ್‌ನ ಚಿಪ್ ವಿನ್ಯಾಸ ಕಂಪನಿ ಆರ್ಮ್ ಅನ್ನು ಕೊಂಡ ಜಪಾನಿನ ಸಾಫ್ಟ್‌ಬ್ಯಾಂಕ್, ಐದು ವರ್ಷದಲ್ಲಿ ಬ್ರಿಟನ್ನಿನ ನೌಕರರ ಸಂಖ್ಯೆಯನ್ನು ಇಮ್ಮಡಿ ಮಾಡುತ್ತೇವೆಂದು ಬರೆದುಕೊಟ್ಟದ್ದು ಆ ಮುಚ್ಚಳಿಕೆಯ ನಿಯಮದಡಿಯಲ್ಲೇ.