ಎಂಟನೇ ಕ್ಲಾಸಿನ ಸೈಕಲ್ ಕಾಲೇಜಿಗೆ ಯಾಕೆ ಬರಲ್ಲ?

ಗಣೇಶಗುಡಿ ಕಡೆ ಸೈಕಲ್ ಅಂದ್ರೆ ಶೋಕಿ ಅಲ್ಲ. ಜೋಯಿಡಾ ತಾಲೂಕಿನಲ್ಲಿ ಮನೆಗಳು ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ, ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು ಇಂಥ ದೂರವನ್ನು ನೋಡಿಯೇ. ಆದರೆ ಏರು ಇಳುವಿನ ದಾರಿಯಲ್ಲಿ ಸೈಕಲ್ ಹೊಡೆದು ಹೈಸ್ಕೂಲ್ ಮುಗಿಸಿದವರೇ ಇಂಜಿನಿಯರಿಂಗ್ ಸೇರಿದ ಕೂಡಲೇ ಅದನ್ನು ಊರಿನ ಜಗಲಿಗೆ ಒರಗಿಸಿ ಬರುತ್ತಾರೆ. ಎರಡನೇ ಸೆಮಿಸ್ಟರಿಗೆ ಮನೆಯಲ್ಲಿ ಸಾಲ ಮಾಡಿಸಿ ಒಂದು ಸೆಕೆಂಡ್ ಹ್ಯಾಂಡ್ ಬೈಕು.

"ಈಗಿನ ಹುಡುಗರಿಗೆ ಸೋಮಾರಿತನ" ಅಂತ ಹೇಳೋದು ಸುಲಭ. ನನಗೆ ಹಾಗನಿಸುವುದಿಲ್ಲ. ನಮ್ಮ ಬಹುಪಾಲು ಕ್ಯಾಂಪಸ್‌ಗಳನ್ನು ಕಟ್ಟಿರೋದೇ ಪೆಟ್ರೋಲ್ ಗಾಡಿಗಳಿಗೆ. ಸೈಕಲ್ಲಿನವನು ಅಲ್ಲಿ ಕರೆಯದೇ ಬಂದ ನೆಂಟ.

ಮೊದಲು ಏರಿನ ಲೆಕ್ಕ ನೋಡೋಣ. 60 ಕೆ.ಜಿ.ಯ ವಿದ್ಯಾರ್ಥಿ, 20 ಕೆ.ಜಿ.ಯ ಸಾದಾ ಸೈಕಲ್. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಸುಮಾರು 50 ವ್ಯಾಟ್ ಸಾಕು. ಅದೇ 5 ಶೇಕಡಾ ಏರಿನಲ್ಲಿ, ಅಂದರೆ 20 ಮೀಟರಿಗೆ 1 ಮೀಟರ್ ಎತ್ತರ ಹತ್ತುವಲ್ಲಿ, ವೇಗವನ್ನು 10ಕ್ಕೆ ಇಳಿಸಿದರೂ ಸುಮಾರು 130 ವ್ಯಾಟ್ ಬೇಕು. ಇನ್ನೂ ನಿಧಾನ ಹೋಗೋಣ ಅಂದ್ರೆ ಗೇರ್ ಇಲ್ಲದ ಸೈಕಲ್ಲಿನ ಪೆಡಲ್ ತಿರುಗೋದೇ ಕಷ್ಟ, ಇಳಿದು ತಳ್ಳಬೇಕು. ಊರಲ್ಲಿ ಬೆವರಿದರೆ ಯಾರೂ ನೋಡಲ್ಲ ಬಿಡಿ, ಇಲ್ಲಿ ಒಂಬತ್ತಕ್ಕೆ ಲ್ಯಾಬ್. ಹಾಗಾಗಿ ಗುಡ್ಡದ ಮೇಲಿನ ಕಾಲೇಜಿನಲ್ಲಿ ಇಡೀ ರಸ್ತೆ ಅಗಲ ಮಾಡುವುದಕ್ಕಿಂತ, ಏರನ್ನು ಸುತ್ತಿಕೊಂಡು ನಿಧಾನಕ್ಕೆ ಹತ್ತುವ ಒಂದೂವರೆ ಎರಡು ಮೀಟರಿನ ಸಣ್ಣ ದಾರಿ ಹೆಚ್ಚು ಉಪಯೋಗ. ಸಿವಿಲ್‌ನವರಿಗೆ ಸರ್ವೆ ಪ್ರಾಕ್ಟಿಕಲ್‌ಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಆದರೂ ಏರಿಗಿಂತ ದೊಡ್ಡ ಸಮಸ್ಯೆ ಅಂದ್ರೆ ಸೈಕಲ್ ನಿಲ್ಲಿಸೋದು. ಸ್ಟ್ಯಾಂಡ್ ಎಲ್ಲಿರುತ್ತೆ? ಗೇಟಿನ ಮೂಲೆಯಲ್ಲಿ, ಬಿಸಿಲಿಗೆ. ಕ್ಲಾಸಿನ ಬಾಗಿಲ ತನಕ ನೆರಳಿನಲ್ಲಿ ಕಾರುಗಳು. ಎಷ್ಟೋ ಕಡೆ ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಕಬ್ಬಿಣದ ಚೌಕಟ್ಟು ಇರುತ್ತೆ. ಪಕ್ಕದ ಸೈಕಲ್ ವಾಲಿಕೊಂಡು ಬಿದ್ದರೆ ಪೂರ್ತಿ ಭಾರ ಆ ಚಕ್ರದ ಮೇಲೆ. ರಿಮ್ ಡೊಂಕಾಗುತ್ತೆ, ಸ್ಪೋಕ್ ಮುರಿಯುತ್ತೆ. ಚಕ್ರಕ್ಕಷ್ಟೇ ಬೀಗ ಹಾಕಿದರೆ ಕಳ್ಳ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ದಾನು. ಪರಿಹಾರ ತೀರಾ ಸರಳ: ತಲೆಕೆಳಗು ಮಾಡಿದ ಯು ಆಕಾರದ ಕಬ್ಬಿಣದ ಪೈಪು, ನೆಲದಿಂದ ಸುಮಾರು 75 ಸೆಂ.ಮೀ. ಎತ್ತರ, ಎರಡರ ನಡುವೆ 1 ಮೀಟರ್. ಆಚೆ ಒಂದು ಈಚೆ ಒಂದು ಸೈಕಲ್ ಒರಗುತ್ತೆ, ಫ್ರೇಮಿಗೂ ಚಕ್ರಕ್ಕೂ ಒಟ್ಟಿಗೆ ಚೈನ್ ಸುತ್ತಬಹುದು. ವರ್ಕ್‌ಶಾಪಿನಲ್ಲಿ ಪೈಪ್ ಬಗ್ಗಿಸಿ ವೆಲ್ಡ್ ಮಾಡೋದು ನಮಗೆ ಗೊತ್ತಿರೋ ಕೆಲಸವೇ. ಮೇಲೆ ಒಂದು ತಗಡಿನ ಮಾಡು ಬೇಕೇ ಬೇಕು. ನಮ್ಮ ಕಡೆ ಮಳೆಗಾಲ ಅಂದ್ರೆ ನಾಲ್ಕು ತಿಂಗಳು, ಹೊರಗೆ ನಿಂತ ಸೈಕಲ್ಲಿನ ಚೈನ್ ವಾರದೊಳಗೆ ಕೆಂಪಾಗುತ್ತೆ.

ಜಾಗ ಇಲ್ಲ ಅನ್ನುವವರಿಗೆ: ಒಂದು ಕಾರು ನಿಲ್ಲಲು ಎರಡೂವರೆ ಮೀಟರಿಗೆ ಐದು ಮೀಟರ್ ಬೇಕು. ಅಷ್ಟರಲ್ಲೇ ಹತ್ತು ಸೈಕಲ್ ಆರಾಮಾಗಿ ಹಿಡಿಯುತ್ತವೆ.

ಇನ್ನು ರಸ್ತೆ. ಚರಂಡಿಯ ಜಾಲರಿ ಸರಳುಗಳು ಸಾಗುವ ದಿಕ್ಕಿಗೇ ಉದ್ದವಾಗಿದ್ದರೆ ಸೈಕಲ್ ಚಕ್ರ ಸೀದಾ ಒಳಗೆ. ಸರಳು ಅಡ್ಡಕ್ಕಿದ್ದರೆ ಆ ಭಯವಿಲ್ಲ. ಜಾಲರಿಯನ್ನು ತಿರುಗಿಸಿ ಕೂರಿಸಲು ಎಷ್ಟು ಖರ್ಚು? ಹಂಪ್ ಹಾಕುವಾಗ ಅಂಚಿನಲ್ಲಿ ಸೈಕಲ್ ನುಸುಳುವಷ್ಟು ಜಾಗ ಬಿಟ್ಟರೆ ಕ್ಯಾರಿಯರಿನ ಡ್ರಾಫ್ಟರು, ಟಿಫಿನ್ನು ಎರಡೂ ಕ್ಷೇಮ. ಬೈಕುಗಳು ಅದರಲ್ಲೇ ನುಗ್ಗುತ್ತವೆ ಅಂತೀರಾ? ನುಗ್ಗುತ್ತವೆ, ನಿಜ. ಅದಕ್ಕೇ ಹಾಸ್ಟೆಲ್‌ನಿಂದ ಕ್ಲಾಸಿನವರೆಗಿನ ಒಳದಾರಿಗೆ ಮೋಟಾರು ಗಾಡಿಯನ್ನೇ ಬಿಡಬಾರದು ಅನ್ನೋದು ನನ್ನ ಪಕ್ಷ. ಉಳಿದ ಕಡೆ ವೇಗ 40ರಿಂದ 20ಕ್ಕೆ ಇಳಿದರೆ ಗಾಡಿಯ ಚಲನಶಕ್ತಿ ಕಾಲು ಭಾಗವಾಗುತ್ತದೆ. ಡಿಕ್ಕಿಯಾದಾಗ ಈ ವರ್ಗದ ಲೆಕ್ಕ ಕಾಲು ಮುರಿಯುತ್ತೋ ಉಳಿಯುತ್ತೋ ಅನ್ನೋದನ್ನು ತೀರ್ಮಾನಿಸುತ್ತೆ. ಸಂಜೆ ಲೈಬ್ರರಿಯಿಂದ ಲೇಡೀಸ್ ಹಾಸ್ಟೆಲ್‌ಗೆ ಹೋಗೋ ದಾರಿಯಲ್ಲಿ ದೀಪ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಅರ್ಧ ಕಾಲೇಜಿಗೆ ಉಪಯೋಗವಿಲ್ಲ.

ಬಾಡಿಗೆ ಸೈಕಲ್ ತರಿಸೋಣ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2012ರಲ್ಲಿ 'ನಮ್ಮ ಸೈಕಲ್' ಹೆಸರಿನಲ್ಲಿ ಅದು ನಡೆಯಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ 'ಟ್ರಿಣ್ ಟ್ರಿಣ್' ಶುರುವಾಯಿತು. ಒಳ್ಳೆಯ ಕೆಲಸಗಳೇ. ಆದರೆ ವಿಜ್ಞಾನ ಸಂಸ್ಥೆಯಲ್ಲಿ ಹಾಸ್ಟೆಲ್, ವಿಭಾಗ, ಊಟದ ಮನೆ ಎಲ್ಲ ಮರಗಳ ನೆರಳಿನ ಒಂದೇ ಆವರಣದಲ್ಲಿವೆ, ಸೈಕಲ್ ಹೊಡೆಯಲು ಹೇಳಿಸಿದಂಥ ಜಾಗ. ಮೈಸೂರಿನದು ಪೂರ್ತಿ ನಗರದ ವ್ಯವಸ್ಥೆ: ಕಾರ್ಡು, ನಿಲ್ದಾಣ, ದಿನಾ ರಿಪೇರಿ ಮಾಡುವ ಜನ. ನಮ್ಮಂಥ ಕಾಲೇಜಿಗೆ ಆ ಖರ್ಚು ಬೇಡ. ಫೈನಲ್ ಇಯರ್‌ನವರು ಹಾಸ್ಟೆಲ್ ಹಿಂದೆ ಬಿಟ್ಟುಹೋಗುವ ಸೈಕಲ್‌ಗಳು ಸಾಲದೇ? ಜೂನ್‌ನಲ್ಲಿ ಅವರಿಂದ ಒಪ್ಪಿಗೆ ಚೀಟಿ ಬರೆಸಿಕೊಂಡು, ಟೈರು ಟ್ಯೂಬು ಬ್ರೇಕ್ ಕಟ್ಟೆ ಹಾಕಿಸಿ, ಹೊಸಬರಿಗೆ ಖರ್ಚಿನ ದುಡ್ಡಿಗಷ್ಟೇ ಕೊಡಬಹುದು. ಪಂಚರ್ ಸಾಮಾನು, ಗಾಳಿ ಪಂಪು, ಒಂದು ಸೆಟ್ ಸ್ಪ್ಯಾನರ್ ಸ್ಟ್ಯಾಂಡಿನ ಪಕ್ಕದ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ವಾಚ್‌ಮನ್ ಅಣ್ಣನ ಹತ್ತಿರ.

ಈ ಸೆಮಿಸ್ಟರಿಗೆ ನಾವು ಕೇಳಬೇಕಾದ್ದು ಹತ್ತು ಪೈಪು, ಒಂದು ಮಾಡು. ಅರ್ಜಿ ಬರೆದಾಗಿದೆ, ಕನ್ನಡದಲ್ಲೇ. ಕ್ಲಬ್ಬಿನ ನೋಟಿಸ್ ಬೋರ್ಡ್ ಹತ್ತಿರ ಇಟ್ಟಿದ್ದೇವೆ. ಬೈಕ್ ಇರುವವರೂ ಸಹಿ ಹಾಕಬಹುದು.