ಅಳತೆ ಹಿಡಿದರೆ ನಕ್ಷತ್ರ ಕೂರುತ್ತದೆ: ಹಳೆ ಸೀರೆಯಲ್ಲಿ 24 ಇಂಚಿನ ಕೌದಿ ಚೌಕ

ಸುಗ್ಗಿ ಮುಗಿದು ಮುಂಗಾರಿಗೆ ಇನ್ನೂ ಸಮಯ ಇರುವಾಗ ಕಟ್ಟೆ ಮೇಲೆ ಕೌದಿ ಹರಡಿಕೊಂಡು ಕೂರುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾಮೂಲಿ ಕೆಲಸವಾಗಿತ್ತು. ಈಗ ಎಷ್ಟೋ ಮನೆಗಳಿಗೆ ಪಾಲಿಯೆಸ್ಟರ್ ರಗ್ಗು ಬಂದಿದೆ. ಹಳೆ ಸೀರೆ, ಪಂಚೆ, ಲುಂಗಿಗಳು ತಿಪ್ಪೆಗೋ ಬೆಂಕಿಗೋ ಹೋಗುತ್ತಿವೆ. ಹತ್ತಿ ಬಟ್ಟೆ ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತೆ ನಿಜ. ಆದರೆ ಇನ್ನೂ ಹತ್ತಾರು ವರ್ಷ ಹೊದೆಯಬಹುದಾದ ಬಟ್ಟೆಯನ್ನು ಗುಂಡಿಗೆ ಹಾಕುವುದು ನಷ್ಟವೇ ಅಲ್ವಾ?

ಈ ವಾರ ಬೆಳೆ ಬಿಟ್ಟು ಬಟ್ಟೆಯ ವಿಷಯ. ಎಂಟು ಮೊನೆಯ ದೊಡ್ಡ ನಕ್ಷತ್ರದ ಒಂದು ಚೌಕವನ್ನು ಹೊಲಿಗೆ ಮಿಷನ್‌ನಲ್ಲಿ ಜೋಡಿಸುವುದು ಹೇಗೆ ಅಂತ ಪೂರ್ತಿ ಅಳತೆ ಸಮೇತ ಕೊಟ್ಟಿದ್ದೇನೆ. ಇಂಥ 9 ಚೌಕ ಸೇರಿದರೆ 6 ಅಡಿಗೆ 6 ಅಡಿಯ ಕೌದಿಯಾಗುತ್ತದೆ.

ಇದು ರೈತರ ಮನೆಯ ನಕ್ಷತ್ರ

ಕೃಷಿ ಪುಟದಲ್ಲಿ ಹೊಲಿಗೆ ಪಾಠ ಹೊಸದೇನಲ್ಲ. ಅಮೆರಿಕದ ಕಾನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಕೌದಿ ಮಾದರಿಗಳನ್ನು ಅಚ್ಚು ಹಾಕುತ್ತಿತ್ತು. ಅವು ಅದರ ರೈತರ ವಾರಪತ್ರಿಕೆಯಲ್ಲೂ ಬರುತ್ತಿದ್ದವು. ಆಗ ಅಲ್ಲಿ ಹಿಟ್ಟು, ಕೋಳಿ ಆಹಾರ ಎಲ್ಲ ಹತ್ತಿ ಚೀಲದಲ್ಲಿ ಸಿಗುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ರೈತ ಮಹಿಳೆಯರು ಆ ಚೀಲಗಳನ್ನೇ ಬಿಚ್ಚಿ, ತೊಳೆದು, ಅಂಗಿಯನ್ನೂ ಕೌದಿಯನ್ನೂ ಹೊಲಿದರು. ಅದು ಗೊತ್ತಾಗಿ ಕಂಪನಿಗಳು ಹೂವಿನ ಚಿತ್ತಾರದ ಚೀಲ ತಂದವು. ಚೀಲದ ಬಣ್ಣ ನೋಡಿ ಹಿಟ್ಟು ಕೊಳ್ಳುವ ಕಾಲ ಅದು.

ಈ ಚೌಕಗಳಿಗೆ ಅಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಗೌರವ ಇದೆ. ಓಹಾಯೋ ರಾಜ್ಯದ ಆಡಮ್ಸ್ ಕೌಂಟಿಯಲ್ಲಿ ಡೋನಾ ಸೂ ಗ್ರೋವ್ಸ್ ಎಂಬುವರು ತಾಯಿಯ ಮೇಲಿನ ಗೌರವಕ್ಕೆ ಕೌದಿ ಚೌಕವನ್ನು ಕಣಜದ ಕಟ್ಟಡದ ಗೋಡೆ ಮೇಲೆ ಬಣ್ಣದಲ್ಲಿ ಬರೆಸುವ ಕೆಲಸ ಶುರು ಮಾಡಿದರು. 2001ರಲ್ಲಿ ಬಂದ ಮೊದಲ ಚೌಕವೂ ನಕ್ಷತ್ರದ್ದೇ. ಆಮೇಲೆ ಅದು ಬೇರೆ ರಾಜ್ಯಗಳಿಗೂ ಹರಡಿತು.

ನಾವು ಇಲ್ಲಿ ಹೊಲಿಯುವುದು ಸಾಟೂತ್ ಸ್ಟಾರ್. ಹೆಸರಿಗೆ ತಕ್ಕ ಹಾಗೆ ಗರಗಸದ ಹಲ್ಲಿನಂಥ ಮೊನೆಗಳು. ದೊಡ್ಡ ತುಂಡುಗಳಿರುವುದರಿಂದ ಹೊಸಬರಿಗೂ ಬೇಗ ಕೈ ಹತ್ತುತ್ತದೆ.

ಬಟ್ಟೆ ಆರಿಸುವಾಗ

- ಎರಡು ಬಣ್ಣ ಸಾಕು. ನಕ್ಷತ್ರಕ್ಕೆ ಒಂದು, ಹಿನ್ನೆಲೆಗೆ ಒಂದು. ಒಂದು ಗಾಢ, ಇನ್ನೊಂದು ತಿಳಿ ಇರಲಿ. ಎರಡೂ ಮಧ್ಯಮ ಬಣ್ಣವಾದರೆ ನಕ್ಷತ್ರ ಎದ್ದು ಕಾಣುವುದಿಲ್ಲ.
- ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಬೆಳಕು ಜಾಸ್ತಿ ತೂರುವ ಜಾಗ ಸವೆದಿದೆ ಅಂತ ಲೆಕ್ಕ. ಅದನ್ನು ಕೌದಿಯ ಒಳಪದರಕ್ಕೆ ಇಟ್ಟುಕೊಳ್ಳಿ, ಮೇಲಿನ ಚೌಕಕ್ಕೆ ಬೇಡ.
- ದಪ್ಪ ಮತ್ತು ತೀರಾ ತೆಳು ಬಟ್ಟೆಯನ್ನು ಒಂದೇ ಚೌಕದಲ್ಲಿ ಸೇರಿಸಬೇಡಿ. ಒಗೆದಾಗ ದಪ್ಪದ್ದು ತೆಳುವಿನದನ್ನು ಎಳೆದು ಹರಿಯುತ್ತದೆ.
- ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ. ಗಾಢ ಬಣ್ಣದ ಬಟ್ಟೆಯನ್ನು ಬೇರೆಯಾಗಿ ನೆನೆಸಿ, ಬಣ್ಣ ಬಿಡುತ್ತಾ ನೋಡಿ.
- ಕೀಟನಾಶಕ, ಕಳೆನಾಶಕ ಹೊಡೆಯುವಾಗ ಹಾಕಿಕೊಂಡ ಬಟ್ಟೆ ಕೌದಿಗೆ ಖಂಡಿತ ಬೇಡ, ಎಷ್ಟು ಒಗೆದಿದ್ದರೂ. ಕೌದಿ ಮೇಲೆ ಮಕ್ಕಳು ಮಲಗುತ್ತಾರೆ.

ಕತ್ತರಿಸುವ ಅಳತೆ

ಹೊಲಿದು ಮುಗಿದ ಮೇಲೆ ಚೌಕ 24 ಇಂಚು. ಅದನ್ನು ಅಡ್ಡ 4, ಉದ್ದ 4 ಮನೆ ಅಂತ ಭಾಗ ಮಾಡಿಕೊಂಡರೆ ಒಂದೊಂದು ಮನೆ 6 ಇಂಚು. ಎಲ್ಲ ಕಡೆ ಹೊಲಿಗೆಗೆ ಕಾಲಿಂಚು ಸೇರಿಸಿ ಕತ್ತರಿಸಬೇಕು. ಒಂದು ಚೌಕಕ್ಕೆ ಬೇಕಾದ್ದು ಇಷ್ಟು:

- ನಕ್ಷತ್ರದ ಬಣ್ಣದಲ್ಲಿ: 12½ ಇಂಚಿನ ಚೌಕ 1, 7 ಇಂಚಿನ ಚೌಕ 4
- ಹಿನ್ನೆಲೆ ಬಣ್ಣದಲ್ಲಿ: 13½ ಇಂಚಿನ ಚೌಕ 1, 6½ ಇಂಚಿನ ಚೌಕ 4

9 ಚೌಕಕ್ಕೆ 45 ಇಂಚು ಪನ್ನದ ಬಟ್ಟೆ ಒಂದೊಂದು ಬಣ್ಣದಲ್ಲಿ ಸುಮಾರು 2¼ ಮೀಟರ್ ಬೇಕು. ಅಂದರೆ ಸವೆದ ಭಾಗ ಬಿಟ್ಟರೂ ಒಂದು ಬಣ್ಣಕ್ಕೆ ಒಂದು ಹಳೆ ಕಾಟನ್ ಸೀರೆ ಸಾಕು.

ಹಾಸು ಮತ್ತು ಹೊಕ್ಕಿನ ನೂಲಿಗೆ ನೇರವಾಗಿ ಕತ್ತರಿಸಿ. ಓರೆಯಾಗಿ, ಟೈಲರ್‌ಗಳು ಕ್ರಾಸ್ ಅಂತಾರಲ್ಲ ಹಾಗೆ ಕತ್ತರಿಸಿದ ಅಂಚು ರಬ್ಬರಿನಂತೆ ಎಳೆಯುತ್ತದೆ. ಹಳೆ ಸೀರೆಯಲ್ಲಂತೂ ಇನ್ನೂ ಜಾಸ್ತಿ. ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡರೆ ಬಟ್ಟೆ ಕೈಗೆ ನಿಲ್ಲುತ್ತದೆ.

ಮೊದಲು ಕಾಲಿಂಚು ಪರೀಕ್ಷೆ

ಬಿತ್ತುವ ಮುಂಚೆ ಕೂರಿಗೆಯ ತಾಳಿನ ಅಂತರ ನೋಡಿಕೊಳ್ಳುತ್ತೇವೆ. ಇದೂ ಹಾಗೇ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ ಅಕ್ಕಪಕ್ಕ ಹೊಲಿಯಿರಿ. ಇಸ್ತ್ರಿ ಹಾಕಿ ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಬಂದರೆ ನಿಮ್ಮ ಹೊಲಿಗೆ ಕಾಲಿಂಚಿಗೆ ಇದೆ ಅಂತ. ಕಡಿಮೆ ಬಂದರೆ ಹೊಲಿಗೆ ಒಳಗೆ ಹೋಗುತ್ತಿದೆ, ಜಾಸ್ತಿ ಬಂದರೆ ಅಂಚಿಗೆ ಹತ್ತಿರ ಬೀಳುತ್ತಿದೆ. ಸರಿ ಹೋದ ಮೇಲೆ ಮಿಷನ್ ತಟ್ಟೆ ಮೇಲೆ ಆ ಜಾಗಕ್ಕೆ ಒಂದು ಟೇಪ್ ತುಂಡು ಅಂಟಿಸಿಬಿಡಿ.

ಇಷ್ಟು ಸೂಕ್ಷ್ಮ ಯಾಕೆ ಅಂದ್ರೆ, ಪ್ರತಿ ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋದರೆ ಎರಡೂ ಬದಿ ಸೇರಿ ಎಂಟನೇ ಒಂದು ಭಾಗ ನಷ್ಟ. 3 ಚೌಕದ ಒಂದು ಸಾಲಿನಲ್ಲಿ ಇಂಥ 8 ಹೊಲಿಗೆ ಬರುತ್ತವೆ. ಒಟ್ಟು 1 ಇಂಚು ಹೋಯಿತು! ಪಕ್ಕದ ಸಾಲಿನಲ್ಲಿ ಇನ್ನೊಂದು ಲೆಕ್ಕ ಆದರೆ ಮೊನೆಗೆ ಮೊನೆ ಕೂಡುವುದೇ ಇಲ್ಲ.

ಮೊನೆಯ ತುಂಡುಗಳು

ಅಮೆರಿಕದಲ್ಲಿ ಈ ತುಂಡಿಗೆ ಹಾರುವ ಬಾತುಗಳು ಅಂತ ಹೆಸರು. ನಾಲ್ಕನ್ನೂ ಒಂದೇ ಸಲಕ್ಕೆ ಮಾಡಬಹುದು.

1. 13½ ಇಂಚಿನ ಹಿನ್ನೆಲೆ ಚೌಕವನ್ನು ಸೀದಾ ಮೇಲೆ ಬರುವಂತೆ ಹಾಸಿ. ಎದುರುಬದುರು ಮೂಲೆಗಳಲ್ಲಿ 7 ಇಂಚಿನ ಎರಡು ಚೌಕಗಳನ್ನು ಉಲ್ಟಾ ಮೇಲೆ ಬರುವಂತೆ ಇಡಿ. ನಡುವೆ ಅವು ಒಂದರ ಮೇಲೊಂದು ಸ್ವಲ್ಪ ಹತ್ತುತ್ತವೆ, ಇರಲಿ.
2. ಮೂಲೆಯಿಂದ ಮೂಲೆಗೆ, ಎರಡೂ ಸಣ್ಣ ಚೌಕ ದಾಟುವಂತೆ ಗೆರೆ ಎಳೆಯಿರಿ. ಗೆರೆಯ ಆಚೆ ಕಾಲಿಂಚಿಗೆ ಒಂದು, ಈಚೆ ಕಾಲಿಂಚಿಗೆ ಒಂದು ಹೊಲಿಗೆ ಹಾಕಿ.
3. ಗೆರೆ ಮೇಲೆ ಕತ್ತರಿಸಿ. ಸಣ್ಣ ತ್ರಿಕೋನಗಳನ್ನು ಹೊರಕ್ಕೆ ಮಡಚಿ ಇಸ್ತ್ರಿ ಮಾಡಿ. ಎರಡು ತುಂಡು ಸಿಗುತ್ತವೆ.
4. ಪ್ರತಿ ತುಂಡಿನಲ್ಲಿ ಉಳಿದ ಹಿನ್ನೆಲೆ ಮೂಲೆಯ ಮೇಲೆ ಇನ್ನೊಂದು 7 ಇಂಚಿನ ಚೌಕ ಇಡಿ. ಆ ಮೂಲೆಯಿಂದ ಎರಡು ತ್ರಿಕೋನಗಳ ನಡುವಿಗೆ ಹೋಗುವಂತೆ ಗೆರೆ ಎಳೆದು, ಮತ್ತೆ ಎರಡೂ ಬದಿ ಹೊಲಿದು, ಗೆರೆ ಮೇಲೆ ಕತ್ತರಿಸಿ. ನಾಲ್ಕು ತುಂಡು ಸಿದ್ಧ.

ಹೊಲಿದ ಮೇಲೆ ಕತ್ತರಿಸುವುದರಿಂದ ಓರೆ ಅಂಚು ಹೊಲಿಗೆಯ ಹಿಡಿತದಲ್ಲೇ ಇರುತ್ತದೆ, ಎಳೆಯುವುದಿಲ್ಲ. ಹಳೆ ಬಟ್ಟೆಗೆ ಈ ವಿಧಾನ ಹೊಂದುವುದು ಇದಕ್ಕೇ.

ತುಂಡುಗಳು ಬೇಕಾದ್ದಕ್ಕಿಂತ ಕೊಂಚ ದೊಡ್ಡದಾಗಿರುತ್ತವೆ. ಪ್ರತಿಯೊಂದನ್ನೂ 12½ ಇಂಚಿಗೆ 6½ ಇಂಚು ಆಗುವಂತೆ ತಿದ್ದಿ. ಹಿನ್ನೆಲೆ ತ್ರಿಕೋನದ ತುದಿಯಿಂದ ಮೇಲಕ್ಕೆ ಕಾಲಿಂಚು ಬಟ್ಟೆ ಉಳಿಯಲೇಬೇಕು. ತುದಿ ಎರಡೂ ಬದಿಯಿಂದ 6¼ ಇಂಚಿನಲ್ಲಿರಲಿ. ಆ ಕಾಲಿಂಚು ಕತ್ತರಿಸಿ ಹೋದರೆ ಜೋಡಿಸುವಾಗ ತುದಿ ಹೊಲಿಗೆಯೊಳಗೆ ಮುಚ್ಚಿ ಹೋಗುತ್ತದೆ.

ಚೌಕ ಜೋಡಣೆ

ಎಲ್ಲ ತುಂಡನ್ನೂ ನೆಲದ ಮೇಲೆ ಹರಡಿ. ನಡುವೆ 12½ ಇಂಚಿನ ಚೌಕ, ನಾಲ್ಕು ಬದಿಗೆ ಮೊನೆಯ ತುಂಡು, ನಾಲ್ಕು ಮೂಲೆಗೆ 6½ ಇಂಚಿನ ಚೌಕ. ಹಿನ್ನೆಲೆ ತ್ರಿಕೋನದ ತುದಿ ನಡುಚೌಕದ ಕಡೆ ನೋಡಬೇಕು.

ಮೂರು ಸಾಲಾಗಿ ಹೊಲಿಯಿರಿ. ಮೇಲಿನ ಮತ್ತು ಕೆಳಗಿನ ಸಾಲಿನಲ್ಲಿ ಹೊಲಿಗೆ ಅಂಚನ್ನು ಮೂಲೆ ಚೌಕದ ಕಡೆಗೆ, ನಡುವಿನ ಸಾಲಿನಲ್ಲಿ ನಡುಚೌಕದ ಕಡೆಗೆ ಮಡಚಿ ಇಸ್ತ್ರಿ ಮಾಡಿ. ಆಗ ಸಾಲುಗಳನ್ನು ಕೂಡಿಸುವಾಗ ಅಂಚುಗಳು ಒಂದಕ್ಕೊಂದು ಎದುರಾಗಿ ಕೂತುಕೊಳ್ಳುತ್ತವೆ, ಗಂಟು ಕಟ್ಟುವುದಿಲ್ಲ. ಮೊನೆಯ ತುಂಡು ಮೇಲೆ ಇರುವಂತೆ ಇಟ್ಟುಕೊಂಡು ಹೊಲಿಯಿರಿ. ಹಿಂಬದಿಯಲ್ಲಿ ಎರಡು ಹೊಲಿಗೆ ಅಡ್ಡ ಹಾಯುವ ಜಾಗ ಕಾಣುತ್ತದೆ. ಸೂಜಿ ಸರಿಯಾಗಿ ಅದರ ಮೇಲೇ ಹೋದರೆ ಮೊನೆ ಚೂಪಾಗಿ ಬರುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಎತ್ತಿ ಒತ್ತಿ.

ಮುಗಿದ ಚೌಕ 24½ ಇಂಚು ಬರಬೇಕು. ತೋಟದಲ್ಲಿ ಗುಂಡಿ ಗುರುತು ಮಾಡುವಾಗ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯುವ ಹಾಗೆ ಇಲ್ಲೂ ಟೇಪ್ ಹಿಡಿಯಿರಿ. ಎರಡೂ ಕಡೆ ಒಂದೇ ಸಮ, ಸುಮಾರು 34⅝ ಇಂಚು ಬಂದರೆ ಚೌಕ ನೇರವಾಗಿದೆ. ಬಾರದಿದ್ದರೆ ಅಲ್ಲೇ ಬಿಚ್ಚಿ ತಿದ್ದಿ. ಒಂದು ಚೌಕ ಬಿಚ್ಚುವುದು ಅರ್ಧ ಗಂಟೆ ಕೆಲಸ. ಪೂರ್ತಿ ಕೌದಿ ಸೇರಿಸಿದ ಮೇಲೆ ಬಿಚ್ಚಬೇಕಾದರೆ ವಾರಗಟ್ಟಲೆ.

ಮುಂದಿನದು ನಮ್ಮ ಕೌದಿ ಹೊಲಿಗೆ

ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕವಂದಿಗೆ ಇಂಥ ಅಳತೆಯೇ ಇಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚು ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ತುಂಡುಗಳ ಲೆಕ್ಕ ಕೈಯಲ್ಲೇ ಇರುತ್ತದೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಫೂಲ ಕೂರಿಸುತ್ತಾರೆ. ಅದಿಲ್ಲದ ಕವಂದಿ ಪೂರ್ತಿಯಾದಂತಲ್ಲ.

ನಕ್ಷತ್ರದ ಚೌಕಕ್ಕೆ ಅಳತೆ ಬೇಕು, ಆದರೆ ಚೌಕಗಳು ಸೇರಿದ ಮೇಲೆ ನಿಮ್ಮ ಊರಿನ ಕೌದಿ ಹೊಲಿಗೆಯೇ ಸಾಕು. ಒಳಗೆ ಹಳೆ ಸೀರೆಯ ಎರಡು ಮೂರು ಪದರ, ಕೆಳಗೆ ಗಟ್ಟಿ ಬಟ್ಟೆ, ಮೇಲೆ ನಕ್ಷತ್ರ. ದೊಡ್ಡ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸಿ, ಆಮೇಲೆ ಕೈಯಲ್ಲಿ ಸಾಲು ಸಾಲಾಗಿ ಹೊಲಿಯಿರಿ.

ಕೂಲಿಯನ್ನೂ ಅಳೆಯಿರಿ

ಮಾರುವ ಯೋಚನೆ ಇದ್ದರೆ ಒಂದು ಮಾತು. ಬೆಳೆಯ ಖರ್ಚು ಲೆಕ್ಕ ಹಾಕುವಾಗ ಮನೆಯವರ ದುಡಿಮೆ ಬಿಟ್ಟುಹೋಗುತ್ತದೆ ಅಂತ ನಾವೆಲ್ಲ ದೂರುತ್ತೇವೆ. ಬೆಂಬಲ ಬೆಲೆ ಲೆಕ್ಕದಲ್ಲೂ ಕುಟುಂಬದ ದುಡಿಮೆಗೆ ಬೇರೆ ಸಾಲು ಇದೆ. ಆದರೆ ಮನೆಯ ಹೆಂಗಸರು ಹೊಲಿದ ಕೌದಿಗೆ ಬೆಲೆ ಕಟ್ಟುವಾಗ ನಾವೂ ಅದನ್ನೇ ಮಾಡುತ್ತೇವೆ: ಬಟ್ಟೆ ಹಳೆಯದು, ದಾರಕ್ಕೆ ಇಷ್ಟು, ಮುಗೀತು.

ಹಾಗೆ ಮಾಡಬೇಡಿ. ಕತ್ತರಿಸಲು ಕೂತ ದಿನದಿಂದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಊರಿನ ದಿನಗೂಲಿಯನ್ನು ಗಂಟೆಗೆ ಭಾಗಿಸಿ, ಅದರಿಂದ ಗುಣಿಸಿ. ದಾರ, ಸೂಜಿ, ಕರೆಂಟು ಸೇರಿಸಿ. ಆ ಮೊತ್ತಕ್ಕಿಂತ ಕಡಿಮೆಗೆ ಕೇಳಿದರೆ ಕೌದಿ ನಿಮ್ಮ ಮನೆಯಲ್ಲೇ ಇರಲಿ. ಮೊದಲ ಸಲ 9 ಚೌಕಕ್ಕೆ ಕೈ ಹಾಕದೆ ಒಂದೇ ಚೌಕ ಹೊಲಿದು ನೋಡಿ. ಅದಕ್ಕೆ ಹಿಡಿದ ಗಂಟೆಯಿಂದಲೇ ಪೂರ್ತಿ ಕೌದಿಯ ಅಂದಾಜು ಸಿಗುತ್ತದೆ. ಆ ಒಂದು ಚೌಕಕ್ಕೆ ಪದರ ಕೊಟ್ಟು ಹೊಲಿದರೆ ತೊಟ್ಟಿಲಿಗೆ ಹಾಸಲು ಆಗುತ್ತದೆ.